ತಂತಿ ಸವೆದವರ ಸ್ಕೂಟರ್ ಕೀ

ಅಪ್ಪ: ಕೀ ಯಾಕೆ ಕೊಡ್ಬೇಕು? ಮಿದುಳು ನೆಟ್ಟಗಿದೆ. ಹೋಗಿರೋದು ಬರೀ ತಂತಿ.

ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದ ಅಪ್ಪ, ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಆಲ್‌ಝೈಮರ್ ಶುರುವಾಗಿದೆ, ಮಿದುಳಿನ ಬಿಳಿ ಭಾಗದಲ್ಲಿ, ಅಂದರೆ ಒಳಗಿನ ತಂತಿಗಳಲ್ಲಿ ಸವೆತವಿದೆ, ಸ್ಕೂಟರ್ ಓಡಿಸುವುದನ್ನು ಬಿಡಿಸಿ ಎಂದಿದ್ದರು ಡಾಕ್ಟರು. ಅಷ್ಟೂ ಮಾತಿನಲ್ಲಿ ಅಪ್ಪನಿಗೆ ಹಿಡಿಸಿದ್ದು ‘ತಂತಿ’ ಒಂದೇ. ನಾನೂ ಫೋನ್ ಕಂಪನಿಯವನೇ. ದೂರು ವಿಭಾಗದಲ್ಲಿ ಕೂತು, ಯಾವುದನ್ನೂ ಸರಿಮಾಡದೆ ಎಲ್ಲರಿಗೂ ಸಮಾಧಾನ ಹೇಳುವ ಕೆಲಸ.

ಅಮ್ಮ: ತಂತಿ ಹೋದ್ಮೇಲೆ ಉಳಿದಿದ್ದೇನ್ರೀ, ಕಂಬಾನಾ?

ಅಪ್ಪ: ಎಕ್ಸ್‌ಚೇಂಜ್ ಉಳಿದಿದೆ ಕಣೇ. ಈ ಬಿಳಿ ಮಚ್ಚೆ ನೋಡು, ಇಲ್ಲಿ ಇನ್ಸುಲೇಶನ್ ಹೋಗಿದೆ. ಮಾತು ತಲುಪೋದು ತಡ ಆಗತ್ತೆ, ಅಷ್ಟೇ.

ಅಮ್ಮ: ಮದುವೆಯಾದಾಗಿಂದ ನನ್ನ ಮಾತು ತಡವಾಗೇ ತಲುಪಿದೆ. ಆಗ್ಲೇ ಸ್ಕ್ಯಾನ್ ಮಾಡಿಸ್ಬೇಕಿತ್ತು.

ಅಪ್ಪ: ಅದು ಲೈನ್ ಫಾಲ್ಟ್ ಅಲ್ಲ. ರಿಸೀವರ್ ನಾನೇ ಪಕ್ಕಕ್ಕೆ ಇಡ್ತಿದ್ದೆ.

ನಾನು: ಅಪ್ಪ, ನಿಮಗಾದ ಅನಾನುಕೂಲ ನಮಗೆ ಅರ್ಥ ಆಗತ್ತೆ...

ಅಮ್ಮ: ಬಂತಪ್ಪ ಆಫೀಸು. ಮನೇಲಾದ್ರೂ ಮನುಷ್ಯರ ಥರ ಮಾತಾಡೋ.

ಅಪ್ಪ: ದಾರಿ ಎಲ್ಲಾ ನೆನಪಿದೆ ಕಣೇ ನಂಗೆ. ಮಾರ್ಕೆಟ್ಟು, ಬ್ಯಾಂಕು, ನಿನ್ನ ತಂಗಿ ಮನೆ. ಅದನ್ನಂತೂ ಮರೆಯೋಣ ಅಂದ್ರೂ ಆಗ್ತಿಲ್ಲ.

ಅಮ್ಮ: ಸರಿ. ಸವೆದ ತಂತಿ ಕಂಡ್ರೆ ಡ್ಯೂಟಿಲಿ ಏನ್ಮಾಡ್ತಿದ್ರಿ?

ಅಪ್ಪ: ಮೊದ್ಲು ಆ ಲೈನ್ ಬಂದ್ ಮಾಡ್ತಿದ್ದೆ. ಮಿಕ್ಕಿದ್ದು ಆಮೇಲೆ.

ಅಮ್ಮ: ಆ ಲೈನಿನ ಮನೆಯವ್ರು ಜಗಳಕ್ಕೆ ಬಂದ್ರೆ?

ಅಪ್ಪ: ಬರ್ಲಿ. ಅವ್ರನ್ನ ಕೇಳ್ಕೊಂಡು ಕೂತ್ರೆ ಆಗತ್ತಾ?

ಹೇಳಿಯಾದ ಮೇಲೆ, ತಾವು ಹೇಳಿದ್ದೇನೆಂದು ಅಪ್ಪನಿಗೆ ಹೊಳೆಯಿತು. ಅಮ್ಮ ಕೀಗೆ ಕೈ ಚಾಚಿದಳು. ಅಪ್ಪ ಫಿಲ್ಮನ್ನು ಕೆಳಗಿಳಿಸಿದರು.

ಅಪ್ಪ: ಮೊನ್ನೆ ಬ್ರೇಕ್ ಒತ್ತು ಅಂದೆ. ಕಾಲಿಗೆ ಸುದ್ದಿ ಮುಟ್ಟೋದು ತಡ ಆಯ್ತು. ಎದುರಿಗೆ ಒಬ್ಬ ಹೆಂಗಸು ರಸ್ತೆ ದಾಟ್ತಿದ್ಲು. ಅವಳೇ ಪಕ್ಕಕ್ಕೆ ಹಾರ್ಕೊಂಡ್ಲು.

ಕೀ ಅಮ್ಮನ ಅಂಗೈ ಸೇರಿತು.

ನಾನು: ಇನ್ಮೇಲೆ ನಾನು ಕರ್ಕೊಂಡು ಹೋಗ್ತೀನಿ ಅಪ್ಪ.

ಅಪ್ಪ: ನಿನ್ನ ಹಿಂದೆ ಕೂರೋವಷ್ಟು ಮರೆವು ನಂಗಿನ್ನೂ ಬಂದಿಲ್ಲ.

ಅಮ್ಮ: ಇವನ್ಯಾಕೆ? ನಾನು ಓಡಿಸ್ತೀನಿ.

ಅಪ್ಪ: ನೀನಾ? ನಿಂಗ್ಯಾರೇ ಕಲಿಸ್ತಾರೆ?

ಅಮ್ಮ: ಇನ್ಯಾರು, ನೀವೇ. ಮರೆಯೋದ್ರೊಳಗೆ ಕಲಿಸ್ಬಿಡಿ. ಏಳಿ, ಚಪ್ಪಲಿ ಹಾಕ್ಕೊಳ್ಳಿ.