ಮಾವ ಕಿವಿಯಲ್ಲಿ ಹೇಳುವ ಮಾತು

ನಮ್ಮ ಸೋದರಮಾವನ ನೆರಳು ನೆಲದ ಮೇಲೆ ಬೀಳುವುದಿಲ್ಲ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ನಮ್ಮ ಬಸವೇಶ್ವರನಗರದ ಬೀದಿಯ ನಾಯಿಗಳು ನಂಬಿಬಿಟ್ಟಿವೆ! ಹಾಲಿನವನಿಗೆ, ಪೇಪರಿನವನಿಗೆ, ಕೊರಿಯರಿನವನಿಗೆ ಜೀವ ಹೋಗುವಂತೆ ಬೊಗಳುವ ಆ ನಾಲ್ಕು ನಾಯಿಗಳು, ಮಾವ ತಿರುವಿನಲ್ಲಿ ಕಾಣಿಸಿದ ಕೂಡಲೇ ಏನೋ ಅವಸರದ ಕೆಲಸ ನೆನಪಾದವರಂತೆ ಎದ್ದು ಕಾರುಗಳ ಅಡಿ ಸೇರಿಕೊಳ್ಳುತ್ತವೆ. ಮಾವ ಬೆಲ್ ಒತ್ತುವುದಿಲ್ಲ. ನಾನು ಮುಟ್ಟಿದರೆ ಇಡೀ ಬೀದಿಗೆ ಕೇಳುವಂತೆ ಕಿರುಗುಟ್ಟುವ ನಮ್ಮ ಗೇಟು ಅವರು ಬಂದರೆ ಉಸಿರು ಬಿಡುವುದಿಲ್ಲ. ನನ್ನ ಹೆಂಡತಿ ಒಗ್ಗರಣೆ ಹಾಕಿ ಹಿಂದಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಾವ ನಿಂತಿರುತ್ತಾರೆ. "ಇಂಗು ಸ್ವಲ್ಪ ಜಾಸ್ತಿ ಆಯ್ತಮ್ಮ" ಎನ್ನುತ್ತಾರೆ. ಅವಳ ಕೈಯಿಂದ ಬಿದ್ದು ನಮ್ಮ ಮನೆಯಲ್ಲಿ ಇದುವರೆಗೆ ಮೂರು ಸೌಟು ಸೊಟ್ಟಗಾಗಿವೆ.

ಇಂಥವರಿಗೆ ಎಂಥ ಕೆಲಸ ಇರಬೇಕು ಹೇಳಿ? ಸ್ಮಶಾನದಲ್ಲಿ ಎಂದುಕೊಂಡಿರಾ? ಮಾವ ಕೆಲಸ ಮಾಡುವುದು ಕೆಂಗೇರಿ ದಾಟಿ ಒಳದಾರಿಯಲ್ಲಿ ಸಿಗುವ ಒಂದು ಪಾರ್ಕಿನಲ್ಲಿ! ನೀರಿನ ಜಾರುಬಂಡೆ, ಅಲೆ ಏಳುವ ಕೊಳ, ಕನ್ನಡಿ ಮನೆ, ಭೂತಬಂಗಲೆ ಎಲ್ಲ ಇರುವ, ಸಂಸಾರಸ್ಥರು ಮಕ್ಕಳನ್ನು ಕರೆದುಕೊಂಡು ಬರುವ ಪಾರ್ಕು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಮಾವ ನಮ್ಮ ಅಡುಗೆಮನೆಗೆ ಬಂದು ನಿಲ್ಲುತ್ತಾರೆ. ಕುಡಿದು ಬಂದವರನ್ನು, ರೂಲ್ಸು ಮುರಿಯುವವರನ್ನು ವಿಚಾರಿಸಿಕೊಳ್ಳುವುದು ಅವರ ಕೆಲಸ. ಐಡಿ ಕಾರ್ಡಿನಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಕೇಳಿದರೆ ಮಾವ "ಬಂದೋರನ್ನ ನೋಡ್ಕೊಳ್ಳೋದು ಕಣೋ" ಎಂದಷ್ಟೇ ಹೇಳುತ್ತಾರೆ.

ಕುಡಿದವರನ್ನು ಎತ್ತಿ ಆಚೆ ಹಾಕಲು ಆರಡಿ ಆಳು ಬೇಕು ಎಂದು ನೀವೂ ನಾನೂ ಅಂದುಕೊಳ್ಳುತ್ತೇವೆ. ನಮ್ಮ ಮಾವ ಐದಡಿ ಎರಡಿಂಚು. ಜೋರಾಗಿ ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವ ಮೈಕಟ್ಟು. ಆದರೆ ಮೂಗು ಇದೆಯಲ್ಲ, ಅದು ಬೇರೆಯೇ ಪ್ರಾಣಿ! ವಿಜಯನಗರದ ಛತ್ರವೊಂದರಲ್ಲಿ ನನ್ನ ತಂಗಿಯ ಆರತಕ್ಷತೆಯ ದಿನ, ಬಾಗಿಲಲ್ಲಿ ಪನ್ನೀರು ಚಿಮುಕಿಸಲು ಯಾರೂ ಇಲ್ಲವೆಂದು ಅಮ್ಮ ಮಾವನನ್ನು ನಿಲ್ಲಿಸಿದರು. ಬಂದವರ ಮೇಲೆ ಪನ್ನೀರು ಚಿಮುಕಿಸುತ್ತಾ ಮಾವ ಮೆಲ್ಲಗೆ ಮೂಸಿದರು. ಗಂಡಿನ ಕಡೆಯ ಮೂವರು ಅಲ್ಲಿಂದಲೇ ಹಿಂದಕ್ಕೆ ತಿರುಗಿ, ಕಾರಿನಲ್ಲಿ ಕೂತು, ಊಟವನ್ನೂ ಮಾಡದೆ ಹೊರಟುಹೋದರು. ಅಮ್ಮ ತಲೆ ಚಚ್ಚಿಕೊಂಡರು. "ನಾನೇನ್ ಮಾಡ್ದೆ ಅಕ್ಕಾ? ಕಿವೀಲಿ ಒಂದ್ ಮಾತು ಕೇಳ್ದೆ ಅಷ್ಟೆ" ಎಂದರು ಮಾವ.

ಆ ಒಂದು ಮಾತು ಏನು? ಅದೇ ನಮ್ಮ ವಂಶದ ದೊಡ್ಡ ರಹಸ್ಯ. ಮಂತ್ರ ಎಂದು ಅಮ್ಮ, ಬೈಗುಳ ಎಂದು ನನ್ನ ತಮ್ಮ, ಪೊಲೀಸರ ಹೆಸರು ಎಂದು ನಾನು. ಕೇಳಿಸಿಕೊಂಡ ಒಬ್ಬನೂ ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ.

ಒಂದು ಸೋಮವಾರ ಮಾವ ನಮ್ಮ ಮನೆಯಲ್ಲಿ ಕನ್ನಡಕ ಮರೆತು ಡ್ಯೂಟಿಗೆ ಹೋದರು. ಕೊಟ್ಟು ಬರೋಣವೆಂದು ಬೆಳಿಗ್ಗೆಯೇ ಪಾರ್ಕಿಗೆ ಹೋದೆ. ಜನ ಇಲ್ಲದ ಪಾರ್ಕನ್ನು ನೀವು ನೋಡಿದ್ದೀರಾ? ನೋಡಬೇಡಿ. ಸ್ಪೀಕರಿನಲ್ಲಿ ಮಕ್ಕಳ ಹಾಡು ಜೋರಾಗಿ ಬರುತ್ತಿತ್ತು, ಮಕ್ಕಳಿರಲಿಲ್ಲ. ಗೇಟು ತೆರೆಯುವ ಮುಂಚೆ ಪ್ರತಿ ಆಟವನ್ನೂ ಖಾಲಿಯಾಗಿ ಒಂದು ಸುತ್ತು ಓಡಿಸಿ ನೋಡಬೇಕಂತೆ. ಖಾಲಿ ಸೀಟಿಗೂ ಬೆಲ್ಟು ಬಿಗಿಯಬೇಕು. ಮಾವ ಒಂದೊಂದೇ ಸೀಟಿನ ಮುಂದೆ ಬಗ್ಗಿ, ಬೆಲ್ಟು ಎಳೆದು ನೋಡಿ, "ಗಟ್ಟಿಯಾಗಿ ಹಿಡ್ಕೊಳಿ" ಎನ್ನುತ್ತಿದ್ದರು. ಯಾರಿಗೆ? ನನ್ನ ಬೆನ್ನಿನಲ್ಲಿ ಇರುವೆ ಹರಿದಂತಾಯಿತು. ಇಪ್ಪತ್ತು ಖಾಲಿ ಸೀಟು ಆಕಾಶಕ್ಕೆ ಹೋಗಿ, ತಲೆಕೆಳಗಾಗಿ, ತಿರುಗಿ ಬಂದು ನಿಂತವು. ನಾನು ಹಳದಿ ಗೆರೆ ದಾಟಲು ಹೋದರೆ ಮಾವ ಕೈ ಅಡ್ಡ ಹಿಡಿದರು.

"ಎಲ್ಲಾ ಇಳಿದ್ಮೇಲೆ ಹೋಗು."

"ಯಾರೂ ಇಲ್ವಲ್ಲ ಮಾವ!"

"ಯಾರೂ ಇಲ್ಲ ಅಂತ ರೂಲ್ಸ್ ಬದಲಾಗತ್ತೇನೋ?"

ನಾನು ಗೆರೆಯ ಈಚೆಗೇ ನಿಂತೆ. ಆ ಅರ್ಧ ನಿಮಿಷ ನನ್ನ ಪಕ್ಕದಲ್ಲಿ ಯಾರೋ ಒಬ್ಬೊಬ್ಬರಾಗಿ ಹಾದುಹೋದರು ಎಂದೇ ಈಗಲೂ ಅನಿಸುತ್ತದೆ. ಇನ್ನು ಮಾವ ಊಟ ಮಾಡುವುದು ಎಲ್ಲಿ ಗೊತ್ತೇ? ಭೂತಬಂಗಲೆಯ ಒಳಗೆ! ಅಲ್ಲಿ ಮಾತ್ರ ತಣ್ಣಗಿರುತ್ತದಂತೆ. ಬಿಳಿ ಸೀರೆಯ ಬೊಂಬೆ, ತೂಗಾಡುವ ತಲೆಬುರುಡೆ ಎಲ್ಲ ನೋಡಿ ನಕ್ಕುಕೊಂಡು ಬರುವ ಜನ, ಕೊನೆಯ ತಿರುವಿನಲ್ಲಿ ಟಾರ್ಚಿನ ಬೆಳಕಲ್ಲಿ ಮೊಸರನ್ನ ಕಲಸುತ್ತಿರುವ ಮಾವನನ್ನು ಕಂಡು ಕಿರುಚಿಕೊಂಡು ಓಡುತ್ತಾರೆ. ಆ ಬಂಗಲೆಗೆ ಒಳ್ಳೆಯ ಹೆಸರು ಬಂದಿರುವುದೇ ಈ ಮೊಸರನ್ನದಿಂದ.

ಅದೇ ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಐದಾರು ಯುವಕರ ಗುಂಪು ಬಂತು. ಅವರಲ್ಲೊಬ್ಬ ಜಿಮ್ಮಿನಲ್ಲಿ ಊದಿಸಿಕೊಂಡ ಮೈಯವನು. ಜೀನ್ಸ್ ಹಾಕಿಕೊಂಡೇ ಕೊಳಕ್ಕೆ ಹಾರಿದ್ದ, ಜಾರುಬಂಡೆಯ ಮೇಲೆ ನಿಂತು ಕುಣಿದಿದ್ದ, ಗಾರ್ಡಿನ ಟೋಪಿ ಕಿತ್ತು ತಾನು ಹಾಕಿಕೊಂಡಿದ್ದ. ಬಾಯಿ ತೆರೆದರೆ ಗಮಗಮ. ಮಾವ ಎದುರಿಗೆ ಹೋಗಿ ನಿಂತರು. ಅವನ ತೋಳಿನ ದಪ್ಪಕ್ಕೆ ಮಾವ ಸರಿಯಾಗಿದ್ದರು.

"ಏಯ್, ನಾನ್ ಯಾರು ಗೊತ್ತಾ?" ಎಂದು ಅಬ್ಬರಿಸಿದ ಅವನು.

"ಗೊತ್ತಿಲ್ಲ ಸಾರ್" ಎಂದರು ಮಾವ ಮೆತ್ತಗೆ. "ನಿಮಗೆ ಜ್ಞಾಪಕ ಇದ್ಯಾ?"

ಅವನು ಯೋಚಿಸಲು ಶುರುಮಾಡಿದ. ಅಷ್ಟರಲ್ಲಿ ಮಾವ ತುದಿಗಾಲಲ್ಲಿ ನಿಂತು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನ ಮುಖದಿಂದ ರಕ್ತ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಿಂದೆ ತಿರುಗಿ ನೋಡಿದ. ಬೆಂಚಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ಕೊಳದ ಅಂಚಿನಲ್ಲಿ ಮೆಲ್ಲಗೆ ನಡೆಯುತ್ತಾ, ನೀರಿನೊಳಗೆ ಇಣುಕುತ್ತಾ ಹೋದ. "ಏನ್ ಅಂದ್ರು ಮಗಾ? ಏನ್ ಹುಡುಕ್ತಿದೀಯಾ ಮಚ್ಚಾ?" ಎಂದು ಗೆಳೆಯರು ಹಿಂದೆ ಬಿದ್ದರು. ಅವನು ತಾನಾಗಿಯೇ ಗೇಟಿನ ಆಚೆ ಹೋಗಿ ಮೋರಿಕಟ್ಟೆಯ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದ. ಅಲ್ಲಿಯವರೆಗೆ ಜೇಬಿನಲ್ಲೇ ಉಳಿದಿದ್ದ ಕನ್ನಡಕವನ್ನು ಮಾವನಿಗೆ ಕೊಟ್ಟು ನಾನು ಮನೆಗೆ ಬಂದುಬಿಟ್ಟೆ.

ಈಗ ನನ್ನ ಕಥೆಗೆ ಬರುತ್ತೇನೆ. ಬರುವುದಕ್ಕೆ ಇಷ್ಟವಿಲ್ಲ, ಆದರೂ ಬರುತ್ತೇನೆ.

ನನ್ನದು ರಾಜಾಜಿನಗರದಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕಳೆದ ಬೇಸಿಗೆಯಲ್ಲಿ ಕಂಪನಿಯವರೆಲ್ಲ ಸಂಸಾರ ಸಮೇತ ಪಿಕ್‌ನಿಕ್ ಎಂದು ಇದೇ ಪಾರ್ಕಿಗೆ ಹೊರಟೆವು. ಹೆಂಡತಿ ತವರಿನ ಕಡೆಯ ಸೀಮಂತಕ್ಕೆ ಹೋಗಿದ್ದರಿಂದ ನಾನು ಮತ್ತು ನಮ್ಮ ಪುಟ್ಟಿ ಇಬ್ಬರೇ. ಪುಟ್ಟಿ ಒಂದನೇ ಕ್ಲಾಸು. ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಗೋಣಿಚೀಲ ಎಳನೀರು ಇತ್ತು. "ತಗೊಳಿ ಸಾರ್, ಬಾಡೀಗೆ ತಂಪು" ಎಂದು ಸಹೋದ್ಯೋಗಿಯೊಬ್ಬ ಕಣ್ಣು ಹೊಡೆದ. ಕುಡಿದ ಮೇಲೆ ಗೊತ್ತಾಯಿತು, ಸಿರಿಂಜಿನಲ್ಲಿ ಅದಕ್ಕೆ ರಮ್ ತುಂಬಿಸಿ, ತೂತಿಗೆ ಮೇಣ ಹಚ್ಚಿ ತಂದಿದ್ದರು! ಎಂಥ ಕೈಕೆಲಸ! ಲಿಫ್ಟ್ ಇಷ್ಟು ಚೆನ್ನಾಗಿ ರಿಪೇರಿ ಮಾಡಿದ್ದರೆ ಕಂಪನಿ ಎಲ್ಲೋ ಇರುತ್ತಿತ್ತು. ಗೊತ್ತಾದ ಮೇಲೂ ನಾನು ಎರಡನೆಯದನ್ನು ತೆಗೆದುಕೊಂಡೆ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. "ಒಳಗೆ ಬಿಡ್ತಾರಾ ಸಾರ್?" ಎಂದು ಒಬ್ಬ ಹೆದರಿದ. ನಾನು ಎದೆ ತಟ್ಟಿಕೊಂಡು, "ಅಲ್ಲಿ ಇರೋದು ನಮ್ ಸೋದರಮಾವ ಕಣ್ರೀ! ನಾನಿದೀನಿ ಬನ್ನಿ" ಎಂದೆ.

ಗೇಟಿನಲ್ಲಿ ಮಾವ ಕಾಣಲಿಲ್ಲ. "ಸಾಹೇಬ್ರ ಅಳಿಯ" ಎಂದು ಗಾರ್ಡು ಚೀಲ ಮುಟ್ಟದೆ ಸಲಾಮು ಹೊಡೆದ. ಮಾವನನ್ನು ಯಾಮಾರಿಸಿದೆ ಎಂದು ನನಗೆ ಎಂಥ ಖುಷಿ! ಪುಟ್ಟಿಯನ್ನು ಮಕ್ಕಳ ಕೊಳದ ಹತ್ತಿರ ಸಹೋದ್ಯೋಗಿಯ ಹೆಂಡತಿಯ ಜೊತೆ ಬಿಟ್ಟು, ಲಾಕರು ಕೋಣೆಯ ಹಿಂದಿನ ಹೊಂಗೆಮರದ ಕೆಳಗೆ ಗಂಡಸರೆಲ್ಲ ಗುಂಡಾಗಿ ಕೂತೆವು. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ನಾನು ಹಾಡುತ್ತಿದ್ದೆ. ಹಾಡಿನ ಮಧ್ಯೆ ಉಳಿದವರೆಲ್ಲ ಇದ್ದಕ್ಕಿದ್ದಂತೆ ಸುಮ್ಮನಾದರು. ನನ್ನ ಪಕ್ಕದಲ್ಲಿ ಯಾರೋ ಕೂತಿದ್ದರು. ಯಾವಾಗ ಬಂದರೋ ದೇವರೇ ಬಲ್ಲ. ಕಿವಿಯ ಹತ್ತಿರ ತಣ್ಣನೆಯ ಉಸಿರು ತಾಗಿತು.

"ನಿನ್ ಜೊತೆ ಬಂದಿದ್ ಮಗು ಎಲ್ಲೋ?"

ಅಷ್ಟೇ. ನಮ್ಮ ವಂಶದ ರಹಸ್ಯ ಇಷ್ಟೇ! ತಿರುಗಿ ನೋಡಿದರೆ ಪಕ್ಕದಲ್ಲಿ ಮಾವ ಇರಲಿಲ್ಲ.

ಮಕ್ಕಳ ಕೊಳಕ್ಕೆ ಓಡಿದೆ. "ನೀವೇ ಕರ್ಕೊಂಡು ಹೋದ್ರಿ ಅಂದ್ಕೊಂಡೆ ಅಣ್ಣ" ಎಂದರು ಸಹೋದ್ಯೋಗಿಯ ಹೆಂಡತಿ. ಊಟದ ಹೊತ್ತು, ಕೊಳದಲ್ಲಿ ಒಂದು ಮಗುವೂ ಇರಲಿಲ್ಲ. ನೀರು ಮಾತ್ರ ಆಗಷ್ಟೇ ಯಾರೋ ಎದ್ದು ಹೋದಂತೆ ಅಲ್ಲಾಡುತ್ತಿತ್ತು. ಕುದುರೆ ಆಟ ಖಾಲಿ ಕುದುರೆಗಳನ್ನು ಹೊತ್ತು ತಿರುಗುತ್ತಿತ್ತು. ಕನ್ನಡಿ ಮನೆಯೊಳಗೆ ನುಗ್ಗಿದರೆ ಹತ್ತು ಜನ ನಾನೇ ಎದುರಿಗೆ ಬಂದೆ, ಬಾಯಿ ತೆರೆದುಕೊಂಡು, ಒಬ್ಬನ ಕೈಯಲ್ಲೂ ಮಗಳಿಲ್ಲ. ದೊಡ್ಡ ಕೊಳದಲ್ಲಿ ಅಲೆ ಏಳುವ ಮುಂಚೆ ಊದುವ ಸೈರನ್ನು ಕೂಗಿಕೊಂಡಿತು. ನನ್ನ ಎರಡು ಎಳನೀರೂ ಆ ಒಂದು ಕೂಗಿಗೆ ಇಳಿದುಹೋದವು. "ಪುಟ್ಟೀ" ಎಂದು ಕೂಗುತ್ತಾ ಆ ಕಡೆ ಓಡಿದೆ. ಅಷ್ಟರಲ್ಲಿ ಸ್ಪೀಕರಿನ ಹಾಡು ನಿಂತು, ಮಾವನ ದನಿ ಇಡೀ ಪಾರ್ಕಿನ ಮೇಲೆ ಮೆತ್ತಗೆ ಹರಡಿತು.

"ದಯವಿಟ್ಟು ಗಮನಿಸಿ. ಒಬ್ಬರು ಕಳೆದುಹೋಗಿದ್ದಾರೆ. ವಯಸ್ಸು ನಲವತ್ತೊಂದು. ನೀಲಿ ಟೀ ಶರ್ಟು, ಒಂದ್ ಕಾಲಲ್ಲಿ ಚಪ್ಪಲಿ ಇಲ್ಲ. ಅವರನ್ನ ಹುಡುಕ್ತಾ ಇರೋರು ಗೇಟಿನ ಪಕ್ಕದ ರೂಮಲ್ಲಿ ಕಾಯ್ತಾ ಇದ್ದಾರೆ."

ಪಾಪ, ಯಾರೋ ಏನೋ ಎಂದುಕೊಂಡೆ. ಆಮೇಲೆ ನನ್ನ ಕಾಲು ನೋಡಿಕೊಂಡೆ.

ರೂಮಿನಲ್ಲಿ ಪುಟ್ಟಿ ದೊಡ್ಡ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೋಡುಬಳೆ ತಿನ್ನುತ್ತಿದ್ದಳು. ಹಿಡಿದೆತ್ತಿಕೊಳ್ಳಲು ಓಡಿದರೆ ಮಾವ ನಡುವೆ ಬಂದು, ಕಳೆದುಹೋದವರ ರಿಜಿಸ್ಟರು ನನ್ನ ಮುಂದೆ ಹಿಡಿದರು. ಕಳೆದುಹೋದವರು: ನನ್ನ ಹೆಸರು. ದೂರು ಕೊಟ್ಟವರು: ಮಗಳು. ಗುರುತು: ಇವತ್ತು ಬೇರೆ ಥರ ವಾಸನೆ. ಎಲ್ಲ ಮಾವನ ದುಂಡು ಅಕ್ಷರ.

ಸಿಕ್ಕವರನ್ನು ಒಪ್ಪಿಸುವ ಮುಂಚೆ ಮಗುವನ್ನು ಕೇಳಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟಾದ ರೂಲ್ಸು. ಮಗು ಹೂಂ ಎನ್ನದೆ ಯಾರ ಕೈಗೂ ಕೊಡುವ ಹಾಗಿಲ್ಲ, ಅಳಿಯನಾದರೂ ಅಷ್ಟೇ. ಮಾವ ಬಗ್ಗಿ ಕೇಳಿದರು, "ಇವ್ರೇನಾ ಕಂದಾ ನಿಮ್ಮಪ್ಪ?"

ಪುಟ್ಟಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ನನ್ನನ್ನು ಈ ಜನ್ಮದಲ್ಲಿ ಯಾರೂ ನೋಡಿಲ್ಲ.

"ಮುಖ ಅಪ್ಪಂದೇ ತಾತ. ಆದ್ರೆ ಅಪ್ಪ ಇನ್ನೂ ಬಂದಿಲ್ಲ."

"ಸರಿ. ಕಾಯೋಣ ಬಿಡು" ಎಂದರು ಮಾವ, ಇದು ದಿನಾ ಆಗುವ ಸಂಗತಿ ಎಂಬಂತೆ. ನನ್ನನ್ನು ಎದುರಿನ ಬೆಂಚಿನ ಮೇಲೆ ಕೂರಿಸಿ, ಒಂದು ಚೊಂಬು ನಿಂಬೆಹಣ್ಣಿನ ನೀರು ಕೊಟ್ಟರು. "ಪುಟ್ಟೀ, ನಾನು ಕಣೇ" ಎಂದೆ. ಅವಳು ಮಾವನ ಕಡೆ ತಿರುಗಿ, "ಗೊತ್ತಿಲ್ದೋರ್ ಹತ್ರ ಮಾತಾಡ್ಬಾರ್ದು ಅಂತ ಅಪ್ಪ ಹೇಳಿದಾರೆ" ಎಂದಳು. ನನಗೆ ನಗು ಬರಲಿಲ್ಲ.

ಎರಡು ಗಂಟೆಯಾಯಿತು, ಮೂರಾಯಿತು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಬಂದು, ತಾವೇ ಎಳನೀರಿನ ಚೀಲ ಒಪ್ಪಿಸಿ, ಹೆಂಡತಿ ಮಕ್ಕಳನ್ನು ಲೆಕ್ಕ ಹಾಕಿಕೊಂಡು ಹೋದರು. ಹೊರಗೆ ಅರ್ಧ ಗಂಟೆಗೊಮ್ಮೆ ಸೈರನ್ನು ಕೂಗುತ್ತಿತ್ತು. ಪ್ರತಿ ಸಲವೂ ನಾನು ಬೆಂಚಿನಿಂದ ಅರ್ಧ ಏಳುತ್ತಿದ್ದೆ, ಮಗಳು ಕಣ್ಣೆದುರೇ ಇದ್ದರೂ. ಕೊನೆಗೆ ಮಾವನನ್ನು ಕೇಳಿದೆ: "ಆವತ್ತು ಆ ಜಿಮ್ಮಿನವನ ಜೊತೆ ಮಗು ಇರ್ಲಿಲ್ವಲ್ಲ ಮಾವ. ಅವನಿಗ್ಯಾಕೆ ಕೇಳಿದ್ರಿ?"

"ನಾನ್ ಎಲ್ಲರ್ನೂ ಕೇಳ್ತೀನಿ ಕಣೋ. ಇದುವರ್ಗೂ ಯಾರೂ ಹುಡುಕದೆ ಹೋಗಿಲ್ಲ" ಎಂದರು ಮಾವ.

ನಾಲ್ಕು ಗಂಟೆಯ ಸುಮಾರಿಗೆ ಪುಟ್ಟಿ ಕುರ್ಚಿಯಿಂದ ಜಾರಿ ಇಳಿದಳು. ಹತ್ತಿರ ಬಂದು ಎರಡು ಕೈಯಲ್ಲಿ ನನ್ನ ಗಲ್ಲ ಹಿಡಿದು, ಬಾಯಿಯ ಹತ್ತಿರ ಮೂಗು ತಂದಳು. ನಾನು ಉಸಿರು ಬಿಗಿಹಿಡಿದೆ. "ಉಸಿರ್ ಬಿಡಿ" ಎಂದಳು. ಉಸಿರು ಬಿಟ್ಟೆ. ಅವಳು ಯೋಚಿಸಿದಳು. ನಾನು ಲಿಫ್ಟುಗಳ ಒಳಗೆ, ನೇತಾಡುವ ಹಗ್ಗದ ಕೆಳಗೆ ಕೂತು ಕೆಲಸ ಮಾಡಿದವನು. ಅಷ್ಟು ಹೆದರಿದ್ದು ಯಾವತ್ತೂ ಇಲ್ಲ.

"ಬಂದ್ರು ತಾತ" ಎಂದಳು.

ಮಾವ ರಿಜಿಸ್ಟರು ಅವಳ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ನಾಲಿಗೆ ಹೊರಗೆ ಚಾಚಿಕೊಂಡು, ಗೆರೆಯಿಂದ ಆಚೀಚೆ ಹೋಗುವ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಪುಟ್ಟಿ ತನ್ನ ಹೆಸರು ಬರೆದಳು. ಸಂಬಂಧ ಎನ್ನುವ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅಪ್ಪ ಎಂದು ಬರೆದು, ನನ್ನ ಬೆರಳು ಹಿಡಿದು, ಬಸ್ಸಿನವರೆಗೂ ಅವಳೇ ಮುಂದೆ ಮುಂದೆ ನಡೆದಳು.