ಐದು ಗುಂಡು, ಮೂರು ಬೆರಳು ವಿಭೂತಿ

ಬಂದೂಕಿನ ತೋಟಾದೊಳಗೆ ಎಷ್ಟು ಮದ್ದು ತುಂಬಬೇಕು ಎನ್ನುವ ವಿಷಯದಲ್ಲಿ ಕಿನ್ನಾಳದ ಕಳಕಪ್ಪನದು ಯಾವತ್ತೂ ಬಿಗಿ ಕೈ. ಅವನೇನು ಬೇಟೆಗಾರನಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಇರುವೆಗೂ ದಾರಿ ಬಿಟ್ಟು ನಡೆಯುವವನು. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲಕ್ಕೆ ಬೀಳುವ ಗಿಳಿಹಿಂಡನ್ನು ಎಬ್ಬಿಸುವುದಕ್ಕಷ್ಟೇ ಅವನಿಗೆ ಬಂದೂಕು ಬೇಕಿತ್ತು. ಸಪ್ಪಳವಾದರೆ ಸಾಕು, ಯಾರೂ ಸಾಯುವುದು ಬೇಡ. ಹಾಗಾಗಿ ಹಿತ್ತಾಳೆ ತೋಟಾಗಳಿಗೆ ತಾನೇ ಅರ್ಧ ಮದ್ದು, ಒಂದು ಚಿಟಿಕೆ ಸೀಸದ ಕಾಳು ತುಂಬಿ, ಮೇಲೊಂದು ರಟ್ಟಿನ ಬಿಲ್ಲೆ ಒತ್ತುತ್ತಿದ್ದ. ಅಪ್ಪನ ಕಾಲದ ಜೋಡುನಳಿಗೆ ಬಂದೂಕು ಇಂಥ ಬಡ ತೋಟಾಗಳನ್ನೂ ಇಪ್ಪತ್ತು ವರ್ಷ ತಕರಾರಿಲ್ಲದೆ ಹಾರಿಸಿತ್ತು.

ಅಂಥ ಬಂದೂಕನ್ನು ಕೊಟ್ಟು ಬಂದದ್ದೇ ತಪ್ಪಾಯಿತು. ಕೊಪ್ಪಳದ ಕೊಟ್ರಪ್ಪ ಸಾವ್ಕಾರ ತನ್ನ ಅಂಗಡಿಯಲ್ಲಿ ಬೆಲ್ಜಿಯಂನಿಂದ ಹಡಗು ಹತ್ತಿ ಬಂದ ಹೊಸ ಬಂದೂಕೊಂದನ್ನು ತೋರಿಸಿದ್ದ. ಒಂದೇ ನಳಿಗೆ, ಐದು ಗುಂಡು. ಒಂದು ಗುಂಡು ಹಾರಿದ ಏಟಿಗೆ ನಳಿಗೆ ತಾನೇ ಹಿಂದಕ್ಕೆ ಜಾರಿ, ಖಾಲಿ ತೋಟಾ ಹೊರಗೆಸೆದು, ಹೊಸದನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆರಳಿನಿಂದ ಬಂದೂಕಿನ ಕುದುರೆ ಒತ್ತುತ್ತ ಹೋಗುವುದಷ್ಟೇ ನಮ್ಮ ಕೆಲಸ. ಸಾವ್ಕಾರ ಕಂಪನಿಯ ದಪ್ಪ ತೋಟಾ ಹಾಕಿ ಐದನ್ನೂ ಢಂ ಢಂ ಎಂದು ಹಾರಿಸಿದಾಗ ಕಳಕಪ್ಪನ ಕಣ್ಣೆದುರಿಗೆ ಗಿಳಿಗಳೆಲ್ಲ ತುಂಗಭದ್ರೆ ದಾಟಿ ಓಡಿಹೋದವು. ಅಪ್ಪನ ಬಂದೂಕನ್ನು ಅಲ್ಲಿಯೇ ಬಿಟ್ಟು, ಹೊಸದನ್ನು ಹೆಗಲಿಗೇರಿಸಿಕೊಂಡು ಬಂದ.

ಸಾವ್ಕಾರ ಒಂದು ಕರಾರು ಹಾಕಿದ್ದ. "ಮೂರು ದಿನ ನೋಡ್ರಿ ಕಳಕಪ್ಪನವರ. ಸರಿ ಬರಲಿಲ್ಲಂದ್ರ ಮೂರನೇ ದಿನ ಹೊತ್ತು ಮುಳುಗೂದರಾಗ ತಂದು ತೋರಸ್ರಿ, ನಿಮ್ಮಪ್ಪನ ಬಂದೂಕ ಒಯ್ರಿ. ಲೈಸೆನ್ಸಿನಾಗ ನಂಬರು ಬದಲಾದ ಮ್ಯಾಲ ಮಾತ್ರ ನನ್ನ ಕಡಿ ಬರಬ್ಯಾಡ್ರಿ."

ಮನೆಗೆ ತಂದ ದಿನ ತಾಯಿ ವಿರೂಪಾಕ್ಷಮ್ಮ ಹೊಸ ಬಂದೂಕಿನ ಮುಖ ಸಹ ನೋಡಲಿಲ್ಲ. ಗಂಡನ ಗಲ್ಲ ತಾಗಿ ತಾಗಿ ನುಣುಪಾಗಿದ್ದ ಹಳೆಯ ಹಿಡಿಕೆಯನ್ನು ನೆನೆದು ಕಣ್ಣೀರು ಹಾಕಿದಳು. ಆದರೂ ಮನೆಗೆ ಬಂದ ಆಯುಧಕ್ಕೆ ಪೂಜೆ ತಪ್ಪಿಸುವಷ್ಟು ಕಟುಕಳಲ್ಲ. ಚಾಪೆ ಹಾಸಿ, ಮಗನಿಂದ ಭಾಗ ಭಾಗ ಬಿಚ್ಚಿಸಿ, ಬಿಚ್ಚುವ ಜೋಡಿಸುವ ಬಗೆಯನ್ನು ಕಣ್ಣಲ್ಲೇ ಕಲಿತು, ಒಂದೊಂದಕ್ಕೂ ಮೂರು ಬೆರಳಿನಿಂದ ದಪ್ಪನೆಯ ವಿಭೂತಿ ಬಳಿದಳು. ಮರದ ಕವಚದೊಳಗಿನ ಉಕ್ಕಿನ ಕೊಳವೆ, ಅಂದರೆ ನಳಿಗೆ ಜಾರಬೇಕಾದ ಜಾಗ, ಅದಕ್ಕೂ ಮೂರು ಪಟ್ಟೆ ಬಿತ್ತು.

ಮೊದಲೆರಡು ದಿನ ಸೀಗಿ ಹುಣ್ಣಿಮೆಯ ಊಟಕ್ಕೆ ಬಂದ ನೆಂಟರ ಗದ್ದಲದಲ್ಲಿ ಬಂದೂಕು ಮುಟ್ಟಲು ಪುರಸೊತ್ತಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಕಳಕಪ್ಪ ಹೊಲಕ್ಕೆ ಹೋಗಿ ಮೊದಲ ಗುಂಡು ಹಾರಿಸಿದ. ಢಂ! ಗಿಳಿಗಳು ಎದ್ದವು. ಎರಡನೆಯ ಸಲ ಕುದುರೆ ಒತ್ತಿದ. ಕಟ್! ನಳಿಗೆ ಅರ್ಧ ದಾರಿಗೆ ಬಂದು ನಿಂತಿತ್ತು, ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿ ಹೊರಗೂ ಬಾರದೆ ಒಳಗೂ ಹೋಗದೆ ಇಣುಕುತ್ತಿತ್ತು. ಅದನ್ನು ಉಗುರಿನಿಂದ ಕಿತ್ತು ಮತ್ತೆ ಹಾರಿಸಿದ. ಢಂ, ಕಟ್! ಮತ್ತೆ ಕಿತ್ತ. ಢಂ, ಕಟ್! ನಾಲ್ಕನೆಯ ಸಲಕ್ಕೆ ಗಿಳಿಗಳಿಗೆ ಲೆಕ್ಕ ತಿಳಿಯಿತು. ಒಂದು ಢಂ ಆದ ಮೇಲೆ ಆರಾಮಾಗಿ ತಿನ್ನಬಹುದು ಎಂದು ಮತ್ತೆ ತೆನೆಯ ಮೇಲೆ ಕುಳಿತವು.

ಕಳಕಪ್ಪ ಉಗುರು ಮುರಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಬಾಬಾಸಾಬ ಕಟ್ಟೆಯ ಮೇಲೆ ತಯಾರಾಗಿ ಕುಳಿತಿದ್ದ. ಅವನು ನಿಜಾಮರ ಫೌಜಿನಲ್ಲಿ ಹದಿನೆಂಟು ವರ್ಷ ಇದ್ದು ಪಿಂಚಣಿ ಪಡೆದವನು. ಅಷ್ಟೂ ವರ್ಷ ಕುದುರೆಗಳಿಗೆ ಹುರುಳಿ ಅಳೆದು ಹಾಕಿದ್ದ ಎಂಬುದನ್ನು ಮಾತ್ರ ಎಲ್ಲೂ ಹೇಳುತ್ತಿರಲಿಲ್ಲ.

"ಕೊಡು ಇಲ್ಲೆ. ಎಣ್ಣಿ ಭಾಳ ಆಗೇತಿ. ಫೌಜಿನ್ಯಾಗ ಬಂದೂಕ ಅಂದ್ರ ಕಡಕ್ ಒಣಗಿರಬೇಕು" ಎಂದ ಬಾಬಾಸಾಬ.

"ಚಾಚಾ, ಕಂಪನಿಯವರ ಎಣ್ಣಿ ಹಚ್ಚಿ ಕಳಿಸ್ಯಾರ..."

"ಕಂಪನಿಯವ್ರು ಲಡಾಯಿ ಮಾಡ್ಯಾರೇನು?"

ಬಾಬಾಸಾಬ ಹಳೆಯ ಧೋತರದ ತುಂಡು ತರಿಸಿ, ಅಲ್ಲಲ್ಲಿ ಉಳಿದಿದ್ದ ಎಣ್ಣೆಯನ್ನೂ ಒರೆಸಿ ತೆಗೆದ. ವಿಭೂತಿಗೆ ಕೈ ಹಚ್ಚಲಿಲ್ಲ. "ದೇವರ ವಿಷಯ, ನಾ ಮುಟ್ಟಂಗಿಲ್ಲ" ಎಂದ. ಹಿತ್ತಲಲ್ಲಿ ಮತ್ತೊಂದು ತೋಟಾ ಹಾರಿಸಿ ನೋಡಿದರು. ಢಂ, ಕಟ್! ಈ ಸಲ ನಳಿಗೆ ಕಾಲು ದಾರಿಗೂ ಬರಲಿಲ್ಲ.

ಸಪ್ಪಳ ಕೇಳಿ ಎದುರು ಮನೆಯ ಗೊಂಬೆ ಕೆಲಸದ ಪಂಪಣ್ಣ ಬಂದ. ಕಟ್ಟಿಗೆಯಲ್ಲಿ ಗಿಳಿ, ಗೌರಿ, ಆನೆ ಎಲ್ಲ ಮಾಡುವ ಅವನ ಬೆರಳು ಯಾವ ವಸ್ತು ಕಂಡರೂ ಉಜ್ಜಲು ತುಡಿಯುತ್ತಿತ್ತು.

"ಕೊಳವಿ ದೊರಗಾಗೇತ್ರಿ ಅಣ್ಣಾರ. ಉಜ್ಜಿದ್ರ ಸುಮ್ಮ ಜಾರತೈತಿ" ಎಂದು ಗಾಜುಕಾಗದ ತೆಗೆದ.

"ನಾಜೂಕ ಕೆಲಸದ ಉಕ್ಕು ಐತಿ ಪಂಪಣ್ಣ, ಕೈ ಬಿಡು" ಎಂದ ಕಳಕಪ್ಪ.

"ನಿಮ್ಮ ಮನೀ ತೊಟ್ಟಿಲದ ಗೊಂಬಿ ಮಾಡಿದ ಕೈ ಇದು, ನಂಬಿಕಿ ಇಲ್ಲೇನ್ರಿ?"

ನಂಬಿಕೆಯ ಮಾತು ಬಂದ ಮೇಲೆ ಕಳಕಪ್ಪ ಬಂದೂಕನ್ನು ಅವನ ಕೈಗೆ ಕೊಟ್ಟ. ಪಂಪಣ್ಣ ಅರ್ಧ ತಾಸು ಉಜ್ಜಿದ. ಗೀರು ಬಿದ್ದಲ್ಲೆಲ್ಲ ವಿಭೂತಿ ಹೊಕ್ಕು ಕೊಳವೆ ಬೀಸುವ ಕಲ್ಲಿನ ಹಾಗೆ ಆಯಿತು. ಈಗ ಢಂ ಅಂದ ಮೇಲೆ ನಳಿಗೆ ಕದಲಲೇ ಇಲ್ಲ, ಕಟ್ ಎನ್ನುವ ಸಪ್ಪಳವೂ ಹೋಯಿತು. "ನೋಡ್ರಿ, ಒಂದು ಸಪ್ಪಳ ಕಡಿಮಿ ಆತು" ಎಂದು ಪಂಪಣ್ಣ ಸಮಾಧಾನ ಹೇಳಿದ.

ಕಳಕಪ್ಪನಿಗೆ ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ತಾಯಿ ಬಾಗಿಲಿಗೆ ಬಂದು ನಿಂತಳು.

"ಕಳಕಾ, ಇವತ್ತಿಗೆ ಮೂರು ದಿನ ಆತು. ಗಾಡಿ ಹೂಡು. ನಿಮ್ಮಪ್ಪನ ಬಂದೂಕ ತಗೊಂಡಽ ಮನಿ ಹೊಸ್ತಿಲಾ ತುಳಿ."

"ಹೋಗತೀನಿ ಯವ್ವಾ! ಈ ದರಿದ್ರದ್ದು ನನಗೂ ಬ್ಯಾಡಾಗೇತಿ."

ಎರಡು ದಿನದಿಂದ ಗೋಡೆಯ ಖಾಲಿ ಗೂಟ ನೋಡಿದಾಗಲೆಲ್ಲ ಅವನಿಗೆ ಅಪ್ಪನನ್ನೇ ಮಾರಿ ಬಂದ ಹಾಗೆ ಅನಿಸುತ್ತಿತ್ತು.

ಎರಡು ತುಂಡಾಗಿ ಬಿಚ್ಚಿದ ಬಂದೂಕನ್ನು ಗೋಣಿಚೀಲಕ್ಕೆ ಹಾಕಿದ. ಕೆಟ್ಟದ್ದನ್ನು ಕಣ್ಣಾರೆ ತೋರಿಸಲು ತನ್ನವೇ ಐದು ತೋಟಾ ಅಂಗಿಯ ಕಿಸೆಗೆ ಸೇರಿಸಿದ. ತಾಯಿ ರೊಟ್ಟಿ ಬುತ್ತಿ ಕಟ್ಟಿ, ಎಣ್ಣೆ ತೇಲುವ ಮಾವಿನಕಾಯಿ ಉಪ್ಪಿನಕಾಯಿಯ ಸಣ್ಣ ಜಾಡಿಯನ್ನೂ ಅದೇ ಚೀಲದಲ್ಲಿಟ್ಟಳು. ಕೊಪ್ಪಳದ ದಾರಿಯ ಕಲ್ಲು ತಗ್ಗುಗಳಲ್ಲಿ ಗಾಡಿ ಕುಣಿಯಿತು, ಚೀಲವೂ ಕುಣಿಯಿತು.

ಅಂಗಡಿಯ ಒಳಗೆ ಕಾಲಿಟ್ಟರೆ ಕುಷ್ಟಗಿಯ ಕರಿಬಸಪ್ಪಗೌಡರು ಕುರ್ಚಿಯ ಮೇಲೆ ಕುಳಿತಿದ್ದರು. ಕೊಳ್ಳಲು ಬಂದ ಅವರ ತೊಡೆಯ ಮೇಲೆ ಕಳಕಪ್ಪನ ಅಪ್ಪನ ಬಂದೂಕು. ಗೌಡರು ಅದರ ಹಿಡಿಕೆಯನ್ನು ಸವರುವುದನ್ನು ನೋಡಿ ಕಳಕಪ್ಪ ಬಾಗಿಲಿನಿಂದಲೇ ಕೂಗಿದ.

"ಸಾವ್ಕಾರ್ರ, ಅದನ್ನ ಕೆಳಗ ಇಡಸ್ರಿ! ಇನ್ನೂ ಹೊತ್ತು ಮುಳುಗಿಲ್ಲ. ನಿಮ್ಮ ಬಂದೂಕ ಒಂದರ ಮ್ಯಾಲ ಎರಡನೇದು ಹಾರಸೂದಿಲ್ಲ."

"ಹಂಗಾರ ಹಾರಿಸಿ ತೋರಸ್ರಿ. ಗೌಡ್ರೂ ನೋಡ್ಲಿ. ನಿಮ್ಮ ಮಾತು ಖರೇ ಇದ್ರ ನಿಮ್ಮ ಸಾಮಾನು ನಿಮಗ" ಎಂದ ಕೊಟ್ರಪ್ಪ.

ಚೀಲ ಬಿಚ್ಚಿದರೆ ಗಮ್ಮೆಂದು ಇಂಗು ಮೆಂತ್ಯದ ವಾಸನೆ. ಜಾಡಿ ಉರುಳಿ ಎಣ್ಣೆಯೆಲ್ಲ ಬಂದೂಕಿನ ಮೇಲೆ ಹರಿದಿತ್ತು, ಆ ಕೊಳವೆಯಂತೂ ಮಿಂದು ಬಂದ ಹಾಗಿತ್ತು. ಕಳಕಪ್ಪನಿಗೆ ಒಳಗೊಳಗೇ ಖುಷಿ. ಒಣಗಿದಾಗಲೇ ಕೆಟ್ಟದ್ದು, ಇಷ್ಟು ಹೊಲಸಾದ ಮೇಲೆ ಮೊದಲನೆಯ ಗುಂಡೂ ಹಾರಲಿಕ್ಕಿಲ್ಲ ಎಂದುಕೊಂಡು, ಒರೆಸದೆ ಹಾಗೆಯೇ ಜೋಡಿಸಿದ. ಐದೂ ತೋಟಾ ತುಂಬಿ, ಅಂಗಡಿಯ ಹಿಂದಿನ ಬಂಡೆಗುಡ್ಡದ ಕಡೆ ಮುಖ ಮಾಡಿ ನಿಂತ.

"ನೋಡ್ರಿ ಗೌಡ್ರ, ಈಗ ಒಂದು ಢಂ ಅಂತೈತಿ, ಆಮ್ಯಾಲ ಮುಗೀತು" ಎಂದು ಕುದುರೆ ಒತ್ತಿದ.

ಢಂ! ಖಾಲಿ ತೋಟಾ ಟಣ್ಣನೆ ಹೊರಗೆ ಹಾರಿತು. ಕಳಕಪ್ಪ ಬೆಚ್ಚಿ ಮತ್ತೆ ಒತ್ತಿದ. ಢಂ! ಇನ್ನಾದರೂ ಸಿಕ್ಕಿಬೀಳಲಿ ಎಂದು ಶಿವನನ್ನು ನೆನೆದು ಮತ್ತೆ ಒತ್ತಿದ. ಢಂ! ಢಂ! ಢಂ! ಕೊನೆಯ ಖಾಲಿ ತೋಟಾ ಹಾರಿ ಕೊಟ್ರಪ್ಪನ ರುಮಾಲಿನ ಸುತ್ತಿನಲ್ಲಿ ಕುಳಿತಿತು, ಉಪ್ಪಿನಕಾಯಿಯ ಒಂದು ಸಾಸಿವೆ ಕಾಳು ಗೌಡರ ಮೀಸೆಗೆ ಹತ್ತಿತು.

"ಭಾಳ ಛಲೋ ಆತ್ರಿ!" ಎಂದ ಕೊಟ್ರಪ್ಪ ರುಮಾಲು ಸರಿಪಡಿಸಿಕೊಳ್ಳುತ್ತ. "ನಿಮ್ಮ ಹಗುರ ತೋಟಾಕ್ಕೂ ಗಡಿಯಾರದಂಗ ನಡೀತು. ಇದನ್ನ ಕೆಟ್ಟೇತಿ ಅಂತೀರಿ?"

"ಬೆಳಿಗ್ಗೆ ನಡೀಲಿಲ್ರಿ! ದೇವರಾಣಿ ನಡೀಲಿಲ್ಲ! ಉಪ್ಪಿನಕಾಯಿ ಎಣ್ಣಿ ಬಿದ್ದೇತ್ರಿ, ಅದಕ್ಕ..."

"ಎಣ್ಣಿ ಹಚ್ಚಿದ್ರ ನಡೀತೈತಿ ಅಂದ ಮ್ಯಾಲ ಎಣ್ಣಿ ಹಚ್ರಿ, ಅದರಾಗೇನೈತಿ?"

ಗೌಡರು ಮೀಸೆ ಒರೆಸಿಕೊಂಡು, ಅಪ್ಪನ ಬಂದೂಕನ್ನು ಹೆಗಲಿಗೆ ಹಾಕಿ ಎದ್ದುಹೋದರು. ಕಳಕಪ್ಪ ಅವರ ಗಾಡಿ ಮರೆಯಾಗುವವರೆಗೂ ನೋಡುತ್ತ ನಿಂತ. ಅವನಿಗೆ ಅಳು ಬಂತು, ಆದರೆ ಅಂಗಡಿಯಲ್ಲಿ ಅಳುವ ಹಾಗಿರಲಿಲ್ಲ.

ಹಿಂತಿರುಗುವ ದಾರಿಯುದ್ದಕ್ಕೂ ಅವನಿಗಿದ್ದ ಒಂದೇ ಸಮಾಧಾನವೆಂದರೆ, ಕೊಳವೆ ಒಣಗಿದ್ದೇ ರೋಗ, ಎಣ್ಣೆಯೇ ಮದ್ದು ಎಂದು ಗೊತ್ತಾದದ್ದು. ಹೋದದ್ದು ಹೋಯಿತು, ಇವತ್ತು ಸಂಜೆ ಐದೂ ಗುಂಡು ಹಾರಿಸಿ ಜೋಳವನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದುಕೊಂಡ.

ಮನೆ ಮುಟ್ಟಿದಾಗ ತಾಯಿ ಹೊಸ್ತಿಲಲ್ಲೇ ಕಾದಿದ್ದಳು. ಅವನು ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದ. ಬೈಗುಳ ಬರುತ್ತದೆಂದು ಕಾದರೆ ಬರಲಿಲ್ಲ. ವಿರೂಪಾಕ್ಷಮ್ಮ ಗೋಣಿಚೀಲಕ್ಕೆ ಕೈ ಚಾಚಿದಳು.

"ಹೋಗಲಿ ಬಿಡು ಯಪ್ಪಾ. ಇನ್ನ ಇದಽ ನಮ್ಮ ಮನೀ ಬಂದೂಕ. ನೀ ಕೈಕಾಲು ತೊಳಕೊಂಡು ಒಂದು ತುತ್ತು ಉಣ್ಣು, ಇದನ್ನ ಇಲ್ಲೆ ಕೊಡು."

ತಾಯಿಯ ಮನಸ್ಸು ಕರಗಿತಲ್ಲ ಎಂದು ಕಳಕಪ್ಪನಿಗೆ ಎದೆಯ ಭಾರ ಇಳಿದಂತಾಯಿತು. ಉಂಡು ಎದ್ದು, ಗೂಟಕ್ಕೆ ತೂಗಿದ್ದ ಬಂದೂಕನ್ನು ತೆಗೆದುಕೊಂಡು ನೇರ ಹೊಲಕ್ಕೆ ನಡೆದ. ಬಾಬಾಸಾಬ, ಪಂಪಣ್ಣ ಇಬ್ಬರೂ ತಮಾಷೆ ನೋಡಲು ಹಿಂದೆಯೇ ಬಂದರು. ಹೊತ್ತು ಇಳಿಯುತ್ತಿತ್ತು, ಗಿಳಿಗಳು ತೆನೆ ತೆನೆಗೂ ಕುಳಿತಿದ್ದವು.

"ಈಗ ನೋಡ್ರಿ ಚಾಚಾ" ಎಂದು ಕಳಕಪ್ಪ ಎದೆಯುಬ್ಬಿಸಿ ಕುದುರೆ ಒತ್ತಿದ.

ಢಂ! ಗಿಳಿಗಳು ಎದ್ದವು. ಮತ್ತೆ ಒತ್ತಿದ. ಏನೂ ಇಲ್ಲ. ಗಿಳಿಗಳು ಒಂದು ಸುತ್ತು ಹಾಕಿ ಮತ್ತೆ ಬಂದು ಕುಳಿತವು.

ಅಲ್ಲೇ ಕುಕ್ಕರಿಸಿ ಮರದ ಕವಚ ಬಿಚ್ಚಿದ. ಉಪ್ಪಿನಕಾಯಿಯ ವಾಸನೆಯೂ ಇಲ್ಲ, ಎಣ್ಣೆಯ ಹನಿಯೂ ಇಲ್ಲ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಲೆಯ ಮುಂದಿಟ್ಟು ಒಣಗಿಸಿದ ಕೊಳವೆಯ ಮೇಲೆ ಬೆರಳಗಲದ ಮೂರು ಬಿಳಿ ಪಟ್ಟೆಗಳು ಹೊಸದಾಗಿ ಹೊಳೆಯುತ್ತಿದ್ದವು.

"ಯವ್ವಾ!" ಎಂದು ಅವನು ಕೂಗಿದ ಕೂಗಿಗೆ ಬಂದೂಕಿಗೆ ಹೆದರದ ಗಿಳಿಗಳೂ ಒಂದು ಕ್ಷಣ ಎದ್ದವು.

ಬದುವಿನ ಮೇಲಿಂದ ವಿರೂಪಾಕ್ಷಮ್ಮ ಏದುಸಿರು ಬಿಡುತ್ತ ಬರುತ್ತಿದ್ದಳು, ಕೈಯಲ್ಲಿ ವಿಭೂತಿಯ ಬಟ್ಟಲು.

"ಮತ್ತ ನಿಂತಿತೇನು ಯಪ್ಪಾ? ನನಗ ಆಗಳೇ ಅನಸಿತ್ತು, ಅವಸರದಾಗ ತೆಳ್ಳಗ ಹಚ್ಚೀನಿ ಅಂತ. ತಡಿ, ಇನ್ನೊಂದು ಸಲ ಛಲೋತ್ನಾಗಿ ಹಚ್ಚತೀನಿ."