ಬಟ್ಟೆ ಅಂಗಡಿಯಲ್ಲಿ ಕಾಂತರಾಜ

ಬೇಸಿಗೆ ರಜೆಗೆ ಕ್ಯಾಸಂಬಳ್ಳಿಗೆ ಬಂದ ಕಾಂತರಾಜ ಬಿಸಿಲು ಮುಖಕ್ಕೆ ಬಡಿಯುವವರೆಗೂ ಹಾಸಿಗೆ ಬಿಡುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಡೈರಿಗೆ ಹಾಲು ಹಾಕಿ ಬಂದ ಅಪ್ಪ ರಾಮಚಂದ್ರಪ್ಪ ಒಂದು ಬೆಳಿಗ್ಗೆ ಕಂಬಳಿ ಎಳೆದು ಹಾಕಿದರು.

"ಲೇ, ಎಂ.ಎ. ಓದೋನೇ, ಸಾಯಂಕಾಲದೊಳಗೆ ಒಂದು ಕೆಲ್ಸ ನೋಡ್ಕೊಂಡು ಬಾ. ಇಲ್ದಿದ್ರೆ ರಜಾ ಮುಗಿಯೋಗಂಟ ಕಾಮಸಮುದ್ರದಾಗೆ ನಿಮ್ಮಾವನ ಕುರಿ ಹಿಂದೆ ಓಗು."

ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಗೋಡೆಯಾಚೆಯಿಂದಲೇ ದಾರಿ ತೋರಿಸಿದರು. "ಕೆ.ಜಿ.ಎಫ್. ಪೇಟೇಲಿ ಸೀರೆ ಅಂಗಡಿಗೆ ಆಳು ಬೇಕಂತೆ ಕಣಪ್ಪ. ನಡಿ, ನಾನೂ ಆಮೇಲೆ ಬತ್ತೀನಿ."

ಅಂಗಡಿಯಲ್ಲಿ ಗಲ್ಲಾದ ಹುಡುಗಿ ರೂಪ ಮೊಬೈಲಿನಲ್ಲಿ ಮುಳುಗಿದ್ದಳು. ಫ್ಯಾನಿನ ಕೆಳಗೆ ಗರಿಗರಿ ಬಿಳಿ ಅಂಗಿಯ, ದಪ್ಪ ಮೀಸೆಯ ಗೋಪಿನಾಥ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕಾಂತರಾಜ ಅವರೆದುರು ಕೈಕಟ್ಟಿ ನಿಂತ.

"ಕೆಲ್ಸಕ್ಕೆ ಬಂದೆ ಸಾರ್."

"ಓದು?"

"ಎಂ.ಎ. ಅರ್ಥಶಾಸ್ತ್ರ."

"ಪರವಾಗಿಲ್ಲ. ಆ ಸೀರೆ ಮಡಚು, ನೋಡೋಣ."

ಕಾಂತರಾಜ ಮಡಚಿದ ಸೀರೆ ಬೋಂಡಾ ಕಟ್ಟಿದ ಪೇಪರಿನಂತಾಯಿತು. "ಇನ್ನೊಂದ್ಸಲ," ಎಂದರು ಗೋಪಿನಾಥ್. ಕೈ ಪಳಗುವಷ್ಟರಲ್ಲಿ ಮೈಸೂರು ಮೈನ್ಸ್ ಗಣಿ ಕಾಲೊನಿಯ ಮಾರಿಯಮ್ಮ ಸೀರೆ ಕೊಳ್ಳಲು ಬಂದರು. "ಇದು ವೇಂಡಾಂ ತಂಬಿ, ಮೇಲಿರೋದು ತೆಗಿ," ಎಂದು ತಮಿಳು ಬೆರೆಸಿ ಹೇಳಿ ಅವನನ್ನು ಏಣಿ ಹತ್ತಿಸಿದರು. ಒಂದು ಎಳೆಯಲು ಹೋಗಿ ಇಡೀ ಸಾಲೇ ಕುಸಿದು, ಕಾಂತರಾಜ ರೇಷ್ಮೆಯಲ್ಲಿ ಹೂತುಹೋದ. ಮಾರಿಯಮ್ಮ ಕೊನೆಗೆ ಒಂದು ಕರ್ಚೀಫು ಕೊಂಡು ಹೊರಟರು.

ಮಧ್ಯಾಹ್ನ ಸುಬ್ಬಲಕ್ಷ್ಮಮ್ಮ ಅರ್ಧ ಬೀದಿಯನ್ನೇ ಕರೆತಂದರು. "ನಮ್ಮುಡುಗ, ನಾನೇ ಕೊಡಿಸಿದ ಕೆಲ್ಸ. ಎಷ್ಟಾದ್ರೂ ತೆಗೆಸ್ರಮ್ಮ, ಬೇಜಾರು ಮಾಡ್ಕೊಳಲ್ಲ." ಕೆಲಸ ಸಿಕ್ಕಿತೆಂದು ಅಲ್ಲಿಂದಲೇ ಅವನ ಅಪ್ಪನಿಗೂ ಫೋನು ಹೋಯಿತು. ಅಂಗಡಿಯ ಸೀರೆಗಳೆಲ್ಲ ನೆಲಕ್ಕಿಳಿದ ಮೇಲೆ, "ಬಂಗಾರಪೇಟೇಲೂ ಒಂದ್ಸಲ ನೋಡ್ಕೊಂಡು ಬತ್ತೀವಿ," ಎಂದು ಎಲ್ಲರೂ ಎದ್ದರು.

"ಬಣ್ಣ ನೋಡಿ ಜೋಡಿಸು," ಎಂದರು ಗೋಪಿನಾಥ್. ಊಟವಿಲ್ಲದ ಕಾಂತರಾಜ ಜೋಡಿಸಿದ. ಬೆನ್ನು ಬಿಲ್ಲಿನಂತೆ ಬಾಗಿದ್ದರೂ ಮನಸ್ಸು ಹಗುರವಾಗಿತ್ತು. ಇಷ್ಟು ದುಡಿಸಿಕೊಂಡವರು ಬೇಡ ಎನ್ನುವುದು ಹೇಗೆ?

ಸಂಜೆ ಬಾಗಿಲಲ್ಲಿ ಕಾರು ನಿಂತಿತು. ಬೋಳುತಲೆಯ ಒಬ್ಬರು ಒಳಗೆ ಬಂದದ್ದೇ ರೂಪ ಮೊಬೈಲು ಬಚ್ಚಿಟ್ಟಳು. ಗೋಪಿನಾಥ್ ಥಟ್ಟನೆ ಎದ್ದು ಕೈಮುಗಿದರು.

"ನಮಸ್ಕಾರ ಸಾವ್ಕಾರ್ರೆ. ಕೆಲ್ಸ ಖಾಲಿ ಐತೆ ಅಂದ್ರು, ಬೆಳಗ್ಗಿಂದ ಕಾಯ್ತಾ ಇದೀನಿ."

ಕಾಂತರಾಜನ ಕೈಯಲ್ಲಿದ್ದ ಸೀರೆ ಜಾರಿತು. "ನೀವೂ ಕೆಲ್ಸಕ್ಕೇ ಬಂದೋರಾ? ಮತ್ತೆ ನಂಗ್ಯಾಕೆ ಕೆಲ್ಸ ಹೇಳಿದ್ರಿ?"

"ನೀನೇ ಕೆಲ್ಸಕ್ಕೆ ಬಂದೆ ಅಂದ್ಯಲ್ಲಪ್ಪ. ಹೇಳ್ದೆ."

ಅವನು ರೂಪಳತ್ತ ತಿರುಗಿದ. "ನನ್ನ ಯಾರೂ ಕೇಳ್ಲಿಲ್ಲ," ಎಂದಳು ಅವಳು.

ಸಾಹುಕಾರರು ಕಪಾಟುಗಳ ಮುಂದೆ ನಿಧಾನವಾಗಿ ನಡೆದರು. "ನಮ್ಮಂಗಡಿ ಇಷ್ಟು ಚೆಂದ ಇದ್ದದ್ದೇ ಇಲ್ಲ. ಯಾರು ಮಾಡಿದ್ದು?"

ಕಾಂತರಾಜ ಬಾಯಿ ತೆರೆಯುವ ಮೊದಲೇ ಗೋಪಿನಾಥ್ ಸುಳ್ಳು ಬೆರೆಸದೆ ಹೇಳಿದರು. "ಮಾಡಿದ್ದು ಈ ಹುಡುಗ ಸಾರ್. ಮಾಡಿಸಿದ್ದು ನಾನು."

"ಮಾಡೋರು ಬೇಕಾದಷ್ಟು ಸಿಗ್ತಾರೆ, ಮಾಡಿಸೋರೇ ಇಲ್ಲ. ನಾಳೆಯಿಂದ ಬನ್ನಿ."

"ಸಾರ್, ನಾನು?" ಎಂದ ಕಾಂತರಾಜ.

"ಇದ್ದದ್ದು ಒಂದೇ ಕೆಲ್ಸ ಕಣಪ್ಪ."

ಗೋಪಿನಾಥ್ ಅವನ ಹೆಗಲು ತಟ್ಟಿದರು. "ಬೇಜಾರು ಮಾಡ್ಕೋಬೇಡ. ಓಗ್ತಾ ಆ ಶಟರ್ ಅರ್ಧ ಎಳ್ದು ಓಗು."

"ಆಯ್ತು ಸಾರ್," ಎಂದು ಕಾಂತರಾಜ ಎಳೆದ.